ತಳ ಬಿಟ್ಟು ಏಳದ ಮೀನು

ಜೀಬ್ರಾಫಿಶ್ ಎಂಬ ಪಟ್ಟೆಪಟ್ಟೆಯ ಪುಟ್ಟ ಮೀನನ್ನು ಹೊಸ ತೊಟ್ಟಿಗೆ ಬಿಟ್ಟರೆ ಸೀದಾ ತಳಕ್ಕೆ ಇಳಿಯುತ್ತದೆ. ಭಯ ಕರಗಿದ ಹಾಗೆ ನಿಧಾನಕ್ಕೆ ಮೇಲೆ ಬಂದು ಸುತ್ತಾಡುತ್ತದೆ. ಆತಂಕದ ಔಷಧಿ ಕೊಟ್ಟ ಮೀನನ್ನೂ ಕೊಡದ ಮೀನನ್ನೂ 6 ನಿಮಿಷ ವಿಡಿಯೋ ಮಾಡಿ, ತೊಟ್ಟಿಯ ಮೇಲಿನ ಅರ್ಧದಲ್ಲಿ ಎಷ್ಟು ಹೊತ್ತು ಇತ್ತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕೇಳಲು ಸುಲಭ, ಅಲ್ವಾ?

ಮೊದಲ ತಿಂಗಳು ಯಾವ ಲೆಕ್ಕವೂ ಕೂಡಿ ಬರಲಿಲ್ಲ. ಔಷಧಿ ಕೊಡದ ಮೀನುಗಳಲ್ಲೇ ಕೆಲವು ಬೇಗ ಮೇಲೆ ಬರುತ್ತಿದ್ದವು, ಕೆಲವು ಕೊನೆವರೆಗೂ ತಳದಲ್ಲಿ ಕಲ್ಲಿನ ಹಾಗೆ ಬಿದ್ದಿರುತ್ತಿದ್ದವು. ತಪ್ಪು ನನ್ನ ಬಲೆಯಲ್ಲಿತ್ತು. ಒಂದೇ ತೊಟ್ಟಿಯಿಂದ ಹತ್ತು ಮೀನು ಹಿಡಿದರೆ, ಹತ್ತನೆಯದು ಅಷ್ಟೂ ಹೊತ್ತು ಬಲೆಗೆ ಹೆದರಿ ಓಡಿರುತ್ತದೆ. ಅದರ ಮೈಯಲ್ಲಿ ಕಾರ್ಟಿಸೋಲ್ ಆಗಲೇ ಏರಿರುತ್ತದೆ. ಒತ್ತಡವಾದಾಗ ನಮ್ಮಲ್ಲೂ ಏರುವುದು ಇದೇ ಹಾರ್ಮೋನ್. ಇಲಿಯಲ್ಲಿ ಆ ಕೆಲಸ ಹೆಚ್ಚಾಗಿ ಕಾರ್ಟಿಕೋಸ್ಟೀರೋನ್‌ನದು. ಈ ಒಂದು ವಿಷಯದಲ್ಲಿ ಮೀನೇ ನಮಗೆ ಹತ್ತಿರ! ಬಲೆ ತಾಗಿ ಚರ್ಮ ಗೀರಿದರಂತೂ ಕಥೆ ಮುಗಿಯಿತು. ಗಾಯದಿಂದ ಹೊರಬಿದ್ದ ರಾಸಾಯನಿಕದ ವಾಸನೆಗೆ ಉಳಿದವೂ ಬೆದರುತ್ತವೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1938ರಲ್ಲೇ ಇನ್ನೊಂದು ಸಣ್ಣ ಮೀನಿನಲ್ಲಿ ಇದನ್ನು ವಿವರಿಸಿದ್ದರು. ಓದಿದ್ದೆ, ಬಲೆ ಕೈಗೆ ಬಂದಾಗ ಮರೆತಿದ್ದೆ.

ಆಮೇಲೆ ಹಿಂದಿನ ದಿನವೇ ಸಣ್ಣ ಸಣ್ಣ ಗುಂಪು ಮಾಡಿ ಬೇರೆ ತೊಟ್ಟಿಗಳಲ್ಲಿ ಇಟ್ಟೆ. ಬಲೆ ಬಿಟ್ಟು, ನೀರಿನ ಸಮೇತ ಬೀಕರ್‌ನಲ್ಲಿ ಎತ್ತಿದೆ. ಲೆಕ್ಕ ದಾರಿಗೆ ಬಂತು.

ಮುಂದೆ ಬಸ್‌ಪಿರೋನ್. ಆತಂಕಕ್ಕೆ ಮನುಷ್ಯರಿಗೂ ಕೊಡುವ ಔಷಧಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹಿಡಿಯುವ, 1ಎ ಗ್ರಾಹಕ ಎಂಬ ಪ್ರೋಟೀನ್‌ಗೆ ಇದು ಅಂಟಿಕೊಳ್ಳುತ್ತದೆ. ಮೀನುಗಳು ಬೇಗನೆ ಮೇಲೆ ಬಂದವು. ನನಗೆ ಹಿಗ್ಗೋ ಹಿಗ್ಗು. ಎರಡನೇ ಸಲ ವಿಡಿಯೋ ನೋಡಿದಾಗ ಹಿಗ್ಗು ಇಳಿಯಿತು. ಡೋಸ್ ಜಾಸ್ತಿಯಾದವು ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡು ಸುಮ್ನೆ ಇದ್ದವು. ಭಯ ಬಿಟ್ಟ ಮೀನು ಮೇಲೆ ಕೆಳಗೆ ಓಡಾಡಬೇಕು, ತೊಟ್ಟಿಯ ಮೂಲೆ ಮೂಲೆ ನೋಡಬೇಕು. ಇವುಗಳಿಗೆ ಹೊಸ ಜಾಗದ ಕುತೂಹಲವೇ ಇರಲಿಲ್ಲ. ಅಂದಿನಿಂದ ನಡುಗೆರೆಯನ್ನು ಎಷ್ಟು ಸಲ ದಾಟಿತು, ಎಷ್ಟು ದೂರ ಈಜಿತು, ಎಷ್ಟು ಹೊತ್ತು ಅಲುಗಾಡದೆ ನಿಂತಿತು ಎಂದೂ ಬರೆದಿಡುತ್ತೇನೆ.

ಸೆರೊಟೋನಿನ್ ಹೆಚ್ಚಾದರೆ ಭಯ ಕಡಿಮೆ ಎಂಬ ಸರಳ ಲೆಕ್ಕವನ್ನೂ ಆಗಲೇ ಕೈಬಿಟ್ಟೆ. ಆ 1ಎ ಗ್ರಾಹಕ ಸೆರೊಟೋನಿನ್ ಬಿಡುವ ನರಕೋಶಗಳ ಮೇಲೂ ಇದೆ, ಅಲ್ಲಿ ಅದು ಬ್ರೇಕ್ ಇದ್ದ ಹಾಗೆ. ಸೆರೊಟೋನಿನ್ ಅನ್ನು ನರಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಸುವ ಫ್ಲೂಆಕ್ಸೆಟಿನ್ ಅನ್ನು ಎರಡು ವಾರ ಕೊಟ್ಟು ನೋಡುತ್ತಿದ್ದೇನೆ. ಈ ಸಲ ಯಾವ ತೊಟ್ಟಿಗೆ ಔಷಧಿ, ಯಾವುದಕ್ಕೆ ಬರೀ ನೀರು ಎಂಬುದು ಗೆಳತಿಯೊಬ್ಬಳಿಗೆ ಮಾತ್ರ ಗೊತ್ತು. ಎಷ್ಟು ಕೇಳಿದರೂ ಬಾಯಿ ಬಿಡುತ್ತಿಲ್ಲ.