ಕಾಗದದ ವೀರರನ್ನು ಪಕ್ಕಕ್ಕೆ ಮಡಚಿ ನಿಲ್ಲಿಸಿದ ನನ್ನ ಅನುಭವ

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಿಗೆ ಕಾಗದದ ಮಿನಿ, ಅಂದರೆ ಪಾತ್ರದ ಪುಟ್ಟ ಬೊಂಬೆ, ಮಾಡುವವರಲ್ಲಿ ಹೆಚ್ಚಿನವರು ವೀರನ ಮುಂಬದಿ ಮತ್ತು ಹಿಂಬದಿಯ ಚಿತ್ರಗಳನ್ನು ತಲೆಗೆ ತಲೆ ತಾಗುವಂತೆ ಮೇಲೆ ಕೆಳಗೆ ಇಟ್ಟು, ನೆತ್ತಿಯ ಮೇಲಿನ ಗೆರೆಯಲ್ಲಿ ಮಡಚುತ್ತಾರೆ. ನಾನು ಅವೆರಡನ್ನೂ ಭುಜಕ್ಕೆ ಭುಜ ತಾಗುವಂತೆ ಅಕ್ಕಪಕ್ಕ ಇಡುತ್ತೇನೆ, ನಡುವಿನ ಉದ್ದ ಗೆರೆಯಲ್ಲಿ ಮಡಚಿ ಅಂಟಿಸುತ್ತೇನೆ, ಆಮೇಲೆ ಕತ್ತರಿಸುವಾಗ ಆ ಮಡಿಕೆಯನ್ನೇ ಪೂರ್ತಿಯಾಗಿ ತೆಗೆದುಹಾಕುತ್ತೇನೆ. ಬೆಂಗಳೂರಿನ ನಮ್ಮ ಆಟದ ಬಳಗದಲ್ಲಿ ಇದನ್ನು ಮೊದಲು ತೋರಿಸಿದಾಗ ಯಾರೂ ಒಪ್ಪಲಿಲ್ಲ. ಆಟಗಾರರು ಮಿನಿಯನ್ನು ಎತ್ತುವುದೇ ತಲೆ ಹಿಡಿದು, ಅಲ್ಲಿ ಮಡಿಕೆಯಿಲ್ಲದಿದ್ದರೆ ಎರಡು ಪದರಗಳು ಬಿಚ್ಚಿಕೊಳ್ಳದೆ ಇರುತ್ತವೆಯೇ ಎಂಬುದು ಅವರ ವಾದವಾಗಿತ್ತು. ಅದೇ ಬಳಗದ ಮೇಜಿನ ಮೇಲೆ ನನ್ನ ಪ್ಯಾಲಾಡಿನ್ ಎಂಬ ಕವಚಧಾರಿ ಯೋಧ ಈಗ ಎರಡು ಮಳೆಗಾಲಗಳನ್ನು ದಾಟಿ ನೆಟ್ಟಗೆ ನಿಂತಿರುವುದರಿಂದ, ಇದು ಹೇಗೆ ಸಾಧ್ಯವಾಯಿತೆಂದು ಬರೆದಿಡುವುದು ಸರಿ ಎನಿಸಿತು.

ಕಾಗದದ ವೀರರು ಹೊಸ ವಿಚಾರವಲ್ಲ. ಇಂಥ ಆಟಗಳಲ್ಲಿ ಒಂದಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂತು. 1980ರ ದಶಕದಲ್ಲಿಯೇ ಅಮೆರಿಕದ ಸ್ಟೀವ್ ಜಾಕ್ಸನ್ ಗೇಮ್ಸ್ ಸಂಸ್ಥೆ ಡೆನಿಸ್ ಲೂಬೆ ಅವರು ಬರೆದ ಚಿತ್ರಗಳ ಕಾರ್ಡ್‌ಬೋರ್ಡ್ ವೀರರನ್ನು ಮಾರುತ್ತಿತ್ತು. ಅವು ಮೂರು ಮುಖವಾಗಿ ಮಡಚಿ ನಿಲ್ಲಿಸುವಂಥವು. ಆಗಿನವರಿಗೆ ಸೀಸದ ಮಿನಿ ದುಬಾರಿಯಾಗಿದ್ದರೆ, ನಮಗೆ ಆಮದಾದ ಪ್ಲಾಸ್ಟಿಕ್ ಮಿನಿ ದುಬಾರಿ. ನಾನು ಶುರುಮಾಡಿದ ಹೊತ್ತಿಗೆ ಬಣ್ಣ ಹಚ್ಚದ ಎರಡು ಮಿನಿಗಳ ಪೊಟ್ಟಣಕ್ಕೆ ಆರೇಳುನೂರು ರೂಪಾಯಿ ಆಗುತ್ತಿತ್ತು. ಆರು ಜನ ವೀರರಿಗೆ ಅಷ್ಟು ಕೊಡಬಹುದು, ಆದರೆ ಡಿಎಂ (ಡಂಜನ್ ಮಾಸ್ಟರ್), ಅಂದರೆ ಆಟ ನಡೆಸುವವನು, ಆದವನಿಗೆ ಎದುರಾಳಿಗಳು ಡಜನ್‌ಗಟ್ಟಲೆ ಬೇಕು. ಬಳಗದ ಮಿಕ್ಕವರು ಹಣ ಕೂಡಿಸಿ ಮಿನಿಗಳನ್ನೇ ಮಾಡಿಕೊಡುವ ರೆಸಿನ್ 3ಡಿ ಪ್ರಿಂಟರ್ ಕೊಳ್ಳುವ ಮಾತಾಡುತ್ತಿದ್ದಾಗ ನಾನು ಕಾಗದವನ್ನೇ ಹಿಡಿದೆ.

ಮುಖ್ಯ ತೊಡಕು ಇರುವುದು ಕಾಗದದ ಗ್ರೇನಿನಲ್ಲಿ, ಅಂದರೆ ಅದರ ನಾರುಗಳ ದಿಕ್ಕಿನಲ್ಲಿ. ನಾರುಗಳು ಓಡುವ ದಿಕ್ಕಿನಲ್ಲಿ ಕಾಗದ ಗಟ್ಟಿ, ಅಡ್ಡದಿಕ್ಕಿನಲ್ಲಿ ಮೆತ್ತಗೆ. ವೀರ ನೆಟ್ಟಗೆ ನಿಲ್ಲಬೇಕಾದರೆ ಗ್ರೇನ್ ತಲೆಯಿಂದ ಕಾಲಿನವರೆಗೆ ಇರಬೇಕು. ಆದರೆ ನೆತ್ತಿಯ ಮೇಲೆ ಮಡಚುವ ವಿನ್ಯಾಸದಲ್ಲಿ ಹಾಗೆ ಇಟ್ಟರೆ ಮಡಿಕೆ ಗ್ರೇನಿಗೆ ಅಡ್ಡ ಬೀಳುತ್ತದೆ, ನಾರು ಮುರಿಯುತ್ತದೆ, ಲೇಸರ್ ಪ್ರಿಂಟಿನ ಟೋನರ್ (ಬಣ್ಣದ ಪುಡಿಯ ಪದರ) ಬಿರಿದು ತಲೆಯ ಮೇಲೆ ಬಿಳಿ ಗೆರೆ ಏಳುತ್ತದೆ. ಮಡಿಕೆ ಚೆನ್ನಾಗಿ ಬರಲೆಂದು ಗ್ರೇನನ್ನು ಅಡ್ಡ ಹಾಕಿದರೆ ಮಡಿಕೆಯೇನೋ ನುಣುಪಾಗಿ ಕೂರುತ್ತದೆ, ಆದರೆ ಜುಲೈ ತಿಂಗಳ ತೇವಕ್ಕೆ ವೀರ ಸೊಂಟದಲ್ಲಿ ಬಗ್ಗುತ್ತಾನೆ. ದಪ್ಪ ಕಾಗದ ಹಾಕಿ ಇದನ್ನು ಸರಿಮಾಡಬಹುದೆಂದು ಹಲವರು ಹೇಳುತ್ತಾರೆ; 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದ ಎರಡು ಪದರಕ್ಕೆ ಕತ್ತರಿ ಓಡುವುದಿಲ್ಲ, ಅಂಚಿನ ಬಿಳುಪು ದೂರದಿಂದಲೇ ಕಾಣುತ್ತದೆ, ಬಿರುಕು ಇನ್ನೂ ಹೆಚ್ಚುತ್ತದೆ. ಪಕ್ಕಕ್ಕೆ ಮಡಚಿದರೆ ಗಟ್ಟಿತನವೂ ಮಡಿಕೆಯೂ ಒಂದೇ ದಿಕ್ಕನ್ನು ಕೇಳುತ್ತವೆ. ಮಡಿಕೆಯನ್ನು ಹೇಗೂ ಕತ್ತರಿಸಿ ಎಸೆಯುವುದರಿಂದ ಅಲ್ಲಿ ಒಂದಿಷ್ಟು ಬಿರಿದರೂ ತೊಂದರೆಯಿಲ್ಲ.

ಇನ್ನೊಂದು ಲಾಭ ಎಣಿಸದೆ ಸಿಕ್ಕಿತು. ಮುಂಬದಿ ಹಿಂಬದಿಗಳು ಒಂದರ ಮೇಲೊಂದು ಕೂರದೆ ಜಾರುವುದು ಈ ಕೆಲಸದ ಹಳೆಯ ಪೀಡೆ. ಮಡಿಕೆಯಿಂದ ದೂರ ಹೋದಷ್ಟೂ ಆ ಜಾರುವಿಕೆ ದೊಡ್ಡದಾಗುತ್ತದೆ. ನೆತ್ತಿಯ ಮಡಿಕೆಯಲ್ಲಿ ತಲೆಯ ಮೇಲೆ ಬಿಡುವ ಜಾಗವೂ ಸೇರಿ ಪಾದ 45 ಮಿಲಿಮೀಟರ್ ದೂರ ಇರುತ್ತದೆ, ಪಕ್ಕದ ಮಡಿಕೆಯಲ್ಲಿ ಅತ್ಯಂತ ದೂರದ ಭಾಗವೂ 30 ಮಿಲಿಮೀಟರ್ ಒಳಗೇ ಇರುತ್ತದೆ. 12×18 ಇಂಚಿನ ಹಾಳೆಯಲ್ಲಿ ನಾಲ್ಕು ಕಂಬಸಾಲು, ಸಾಲಿಗೆ ಏಳರಂತೆ 28 ವೀರರು ಹಿಡಿಸುತ್ತಾರೆ. ಪ್ರತಿ ಸಾಲಿನ ವೀರರನ್ನು ಬಿಡಿಬಿಡಿಯಾಗಿ ಕತ್ತರಿಸದೆ, 18 ಇಂಚಿನ ಉದ್ದಕ್ಕೂ ಒಂದೇ ಗೀರು ಎಳೆದು ಒಟ್ಟಿಗೆ ಮಡಚುತ್ತೇನೆ. ಗೀರಿಗೆ ಶಾಯಿ ಮುಗಿದ ಬಾಲ್‌ಪೆನ್ನು ಮತ್ತು ಸ್ಟೀಲ್ ಪಟ್ಟಿ ಸಾಕು.

ಹಣ ಹೆಚ್ಚಾಗಿ ಹಾಳಾದದ್ದು ಮುದ್ರಣದಲ್ಲಿ. ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಹಾಳೆಯ ಗ್ರೇನ್ ಯಾವ ಕಡೆಗಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೇ ಕಟ್ಟಿನಲ್ಲಿ ಎರಡೂ ಬಗೆಯ ಹಾಳೆಗಳು ಬೆರೆತಿರುತ್ತವೆ. ಒಂದು ಅಂಗಡಿಯಲ್ಲಿ ಪುಟಕ್ಕೆ ಹೊಂದಿಸುವ ಆಯ್ಕೆ ತಾನಾಗಿ ಹಾಕಿಕೊಂಡು ಎಲ್ಲವೂ ಶೇಕಡಾ 97ಕ್ಕೆ ಕುಗ್ಗಿ ಬಂತು, ವೀರರನ್ನು ನಿಲ್ಲಿಸುವ ಒಂದು ಇಂಚಿನ ಬುಡಗಳಿಗೆ ಯಾವುದೂ ಸರಿಹೊಂದಲಿಲ್ಲ. ಆ ಕಾಲದಲ್ಲಿ ಕಸವಾಗಿ ಹೋದ ಪ್ರಿಂಟುಗಳಿಗೆ ಒಟ್ಟು ಆರೇಳು ಸಾವಿರ ರೂಪಾಯಿ ಹೋಗಿರಬೇಕು. ಈಗ ಪ್ರತಿ ಹಾಳೆಯ ಅಂಚಿನಲ್ಲೂ 100 ಮಿಲಿಮೀಟರಿನ ಅಳತೆಗೆರೆ ಹಾಕುತ್ತೇನೆ, ಮೊದಲ ಪ್ರಿಂಟನ್ನು ಅಂಗಡಿಯಲ್ಲೇ ಅಳೆದ ಮೇಲೆ ಮುಂದಿನದನ್ನು ಹಾಕಿಸುತ್ತೇನೆ. ಕಾಗದವನ್ನು ಅಂಗಡಿಯವರಿಂದ ಕೊಳ್ಳುವುದನ್ನೂ ಬಿಟ್ಟೆ. ಮದುವೆಯ ಆಮಂತ್ರಣ ಪತ್ರಿಕೆಗಳಿಗೆ ಹೆಸರಾದ ಸುಲ್ತಾನಪೇಟೆಯಲ್ಲಿ 210 ಜಿಎಸ್‌ಎಂ ಐವರಿ ಕಾರ್ಡಿನ 25×36 ಇಂಚಿನ ಪೂರ್ಣ ಹಾಳೆಗಳನ್ನು ಕೊಂಡು, ಗ್ರೇನ್ ಉದ್ದಕ್ಕೆ ಬರುವಂತೆ ಹಾಳೆಗೆ ನಾಲ್ಕು ತುಂಡು ಮಾಡಿಸುತ್ತೇನೆ. ಅಲ್ಲಿನ ಕಟಿಂಗ್ ಯಂತ್ರದವರಿಗೆ ಹಾಳೆಯ ಮೂಲೆಯನ್ನು ಎರಡು ಕಡೆಗೂ ಬಾಗಿಸಿ ನೋಡುವುದು ಅಭ್ಯಾಸವೇ ಆಗಿದೆ, ವಿವರಿಸಬೇಕಾಗಿಲ್ಲ. ನಮ್ಮ ಕಾಗದ ಕೊಟ್ಟರೆ ಪ್ರಿಂಟಿನವರು ಬಣ್ಣದ ಒಂದು ಬದಿಗೆ ಇಪ್ಪತ್ತೈದು ರೂಪಾಯಿಯಷ್ಟು ತೆಗೆದುಕೊಳ್ಳುತ್ತಾರೆ.

ತಲೆ ಬಿಚ್ಚಿಕೊಳ್ಳುತ್ತದೆ ಎಂದವರ ಆತಂಕ ಸುಳ್ಳಲ್ಲ. ಗ್ಲೂ ಸ್ಟಿಕ್ಕಿನಿಂದ ಅಂಟಿಸಿದವು ನಾಲ್ಕೈದು ಆಟಗಳಾಗುತ್ತಲೇ ಕಿರೀಟದ ತುದಿಯಲ್ಲಿ ಬಾಯಿ ಬಿಟ್ಟವು. ಬಿಳಿ ಅಂಟಿನಲ್ಲಿ ನೀರಿರುವುದರಿಂದ ಕಾಗದ ಉಬ್ಬುತ್ತದೆ, ಇಂಕ್‌ಜೆಟ್ ಪ್ರಿಂಟಾದರೆ ಬಣ್ಣ ಹರಡುತ್ತದೆ. ಸ್ಪ್ರೇ ಅಂಟು ಸೊಗಸಾಗಿ ಹಿಡಿಯುತ್ತದೆ, ಆದರೆ ಒಂದು ಡಬ್ಬಿಯ ಬೆಲೆಯಲ್ಲಿ ನಾನು ಇನ್ನೂರು ವೀರರನ್ನು ಮುದ್ರಿಸಬಲ್ಲೆ. ಕೊನೆಗೆ ಕೈಹಿಡಿದದ್ದು ಚಪ್ಪಲಿ ರಿಪೇರಿಯವರೂ ಸನ್ಮೈಕಾ ಹಚ್ಚುವ ಬಡಗಿಗಳೂ ಬಳಸುವ ರಬ್ಬರ್ ಅಂಟು. ಎರಡೂ ಬದಿಗೆ ತೆಳುವಾಗಿ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗುವವರೆಗೆ ಬಿಟ್ಟು, ಆಮೇಲೆ ಒತ್ತಬೇಕು. ಒಮ್ಮೆ ತಾಗಿತೆಂದರೆ ಮತ್ತೆ ಕದಲಿಸಲಾಗದು, ಹಾಗಾಗಿ ಬಿಡಿ ಹಾಳೆಗಳಿಗೆ ಇದನ್ನು ಬಳಸಲು ಎಲ್ಲರೂ ಹೆದರುತ್ತಾರೆ. ನಮ್ಮಲ್ಲಿ ಉದ್ದನೆಯ ಮಡಿಕೆಯೇ ಬಾಗಿಲಿನ ತಿರುಗಣಿಯಂತೆ ಎರಡು ಬದಿಗಳನ್ನು ತಂದು ಕೂಡಿಸುವುದರಿಂದ ಕದಲಿಸುವ ಪ್ರಮೇಯವೇ ಬರುವುದಿಲ್ಲ. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು ಈ ಕೆಲಸ ಮಾಡಬೇಕು. ಅಂಟನ್ನು ಎಷ್ಟು ತೆಳು ಮಾಡಿಕೊಳ್ಳುತ್ತೇನೆ, ಯಾವುದರಿಂದ ಹರಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿದಿದೆ. ಒಂದೇ ಬಗೆಯ ಎರಡು ಪದರಗಳು ಒಂದೇ ಗ್ರೇನಿನಲ್ಲಿ ಬೆನ್ನಿಗೆ ಬೆನ್ನು ಕೂತಿರುವುದರಿಂದ ತೇವಕ್ಕೆ ಒಂದು ಎಳೆದಷ್ಟನ್ನು ಇನ್ನೊಂದೂ ಎಳೆಯುತ್ತದೆ, ವೀರ ಯಾವ ಕಡೆಗೂ ಬಾಗುವುದಿಲ್ಲ.

ಈಗ ಚಿತ್ರದ ಮಾತು. ಆಟದ ನಕ್ಷೆಯ ಒಂದು ಇಂಚಿನ ಚೌಕ ಐದು ಅಡಿಗೆ ಸಮವೆಂದು ಹಿಡಿದರೆ ಆರಡಿಯ ಮನುಷ್ಯ ಸುಮಾರು 30 ಮಿಲಿಮೀಟರ್ ಆಗುತ್ತಾನೆ. ಇದೇ ಲೆಕ್ಕದಲ್ಲಿ ಮೂರಡಿಯ ಹಾಫ್ಲಿಂಗ್ 15 ಮಿಲಿಮೀಟರಿಗೆ ಇಳಿದು ಮೇಜಿನ ಮೇಲೆ ಕಾಣದೇ ಹೋಗುತ್ತಾನೆ. ಅವನಿಗೆ 20 ಮಿಲಿಮೀಟರ್ ಕೊಡುತ್ತೇನೆ, ಕುಳ್ಳ ಡ್ವಾರ್ಫ್‌ನಿಗೆ 25. ನಿಜವಾದ ಮೈಕಟ್ಟು ಏಳೂವರೆ ತಲೆಯಷ್ಟು ಎತ್ತರವಿದ್ದರೂ ಇಷ್ಟು ಸಣ್ಣ ಚಿತ್ರದಲ್ಲಿ ಅದು ನಡೆಯುವುದಿಲ್ಲ. ನಾನು ಐದು ತಲೆಗೆ ಇಳಿಸುತ್ತೇನೆ, ಆಗ ಮುಖಕ್ಕೆ ಆರು ಮಿಲಿಮೀಟರ್ ಸಿಕ್ಕಿ ಹುಬ್ಬನ್ನು ಬರೆಯಲು ಜಾಗವಾಗುತ್ತದೆ. ಕಣ್ಣಿಗಿಂತ ಹುಬ್ಬೇ ಮುಖಭಾವವನ್ನು ಮೇಜಿನ ಆಚೆಯವರೆಗೆ ಮುಟ್ಟಿಸುತ್ತದೆ.

ಕೆಲಸ ಶುರುವಾಗುವುದು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೀ ಕಪ್ಪು ನೆರಳಿನಿಂದ. ಒಳಗಿನ ಒಂದು ಗೆರೆಯೂ ಇಲ್ಲದೆ, ನೆರಳನ್ನು ಮಾತ್ರ ನೋಡಿ ಇವನು ವಿಝರ್ಡ್ (ಮಾಂತ್ರಿಕ), ಇವಳು ರೋಗ್ (ಕಳ್ಳಿ) ಎಂದು ಹೇಳಲಾಗದಿದ್ದರೆ ಆ ಚಿತ್ರವನ್ನು ಮುಂದುವರಿಸುವುದಿಲ್ಲ. ಪ್ಯಾಲಾಡಿನ್‌ನ ನೆರಳಿಗೆ ನಾನು ಪಟ್ಟ ಪಾಡು ಹೆಚ್ಚು. ಕತ್ತಿಯನ್ನು ತಲೆಯ ಮೇಲೆ ಎತ್ತಿ ಹಿಡಿದರೆ ತುದಿ ಬಾಗುತ್ತದೆ, ಪಕ್ಕಕ್ಕೆ ಚಾಚಿದರೆ ಒಂದು ಬದಿಯ ಚಿತ್ರಕ್ಕೆ ಇಟ್ಟ 30 ಮಿಲಿಮೀಟರಿನ ಪಟ್ಟಿಯನ್ನು ಮೀರುತ್ತದೆ. ಕೊನೆಗೆ ಕತ್ತಿಯನ್ನು ಭುಜಕ್ಕೆ ಒರಗಿಸಿ, ಅಲಗು ಹಾರುವ ಮೇಲುವಸ್ತ್ರದ ಅಂಚಿಗೆ ತಾಗುವಂತೆ ಮಾಡಿದೆ. ಬಟ್ಟೆ ಅಲಗಿಗೆ ಆಸರೆಯಾಯಿತು, ನೆರಳಿನಲ್ಲಿ ಅಲಗಿನ ತುದಿಯೊಂದೇ ಚೂಪಾಗಿ ಹೊರಗುಳಿಯಿತು. ಆ ನೆರಳನ್ನು ಎಡಬಲ ತಿರುಗಿಸಿ ಅದರ ಒಳಗೆ ಬೆನ್ನನ್ನು ಬರೆಯಬೇಕು. ಮುಂಬದಿಯಲ್ಲಿ ಎದೆಯ ಮುಂದಿದ್ದ ಗುರಾಣಿ ಇಲ್ಲಿ ಮೈಯ ಹಿಂದೆ ಸರಿದು ಅಂಚು ಮಾತ್ರ ಕಾಣಬೇಕು, ಭುಜದ ಹಿಂದಿದ್ದ ಅಲಗು ಎಲ್ಲಕ್ಕಿಂತ ಮುಂದೆ ಬರಬೇಕು. ಬೆನ್ನಿನ ಬದಿಗೆ ಕಪ್ಪು ತುಂಬಿಸಿ ಕೈತೊಳೆದುಕೊಳ್ಳುವ ಪದ್ಧತಿ ನನಗೆ ಸಮ್ಮತವಿಲ್ಲ. ಆಟಗಾರರು ಮೇಜಿನ ನಾಲ್ಕೂ ಕಡೆ ಕೂರುತ್ತಾರೆ, ಅವರಲ್ಲಿ ಅರ್ಧ ಜನ ಸಂಜೆಯಿಡೀ ನೋಡುವುದು ಬೆನ್ನನ್ನೇ. ಬತ್ತಳಿಕೆ, ಜಡೆ, ಕವಚದ ಪಟ್ಟಿಯ ಬಕಲ್ಲು ಇವುಗಳಿಗೆ ಮುಖಕ್ಕೆ ಕೊಟ್ಟಷ್ಟೇ ಸಮಯ ಕೊಡುತ್ತೇನೆ.

ಒಳಗೆರೆ 0.3 ಮಿಲಿಮೀಟರಿಗಿಂತ ತೆಳುವಾದರೆ ಲೇಸರಿನಲ್ಲಿ ಮುರಿಯುತ್ತದೆ. ಮೈಮೇಲೆ ನೆರಳು ಬೀಳುವ ಜಾಗಗಳಿಗೆ ಶುದ್ಧ ಕಪ್ಪು ಹಾಕಿದರೆ ಟೋನರ್ ಗಂಟುಕಟ್ಟಿದಂತೆ ಕಾಣುತ್ತದೆ, ಆದ್ದರಿಂದ ಕಡುನೀಲಿ ಅಥವಾ ಕಡುಗಂದು ಹಾಕುತ್ತೇನೆ. ಪರದೆಯ ಮೇಲೆ ಸರಿ ಕಂಡದ್ದು ಕಾಗದದಲ್ಲಿ ಯಾವಾಗಲೂ ಮಂಕಾಗುವುದರಿಂದ ಎಲ್ಲ ಬಣ್ಣವನ್ನೂ ಒಂದು ಮೆಟ್ಟಿಲು ತಿಳಿಯಾಗಿಸಬೇಕು. ಮೈಸುತ್ತ 1.2 ಮಿಲಿಮೀಟರ್ ಅಗಲದ ಕಡುಬಣ್ಣದ ಅಂಚು ಬಿಡುತ್ತೇನೆ. ಪದರಗಳು ಕೂದಲೆಳೆಯಷ್ಟು ಜಾರಿದ್ದರೂ, ಕತ್ತರಿ ಅಲುಗಿದರೂ ಅದು ನುಂಗಿಕೊಳ್ಳುತ್ತದೆ. ಕತ್ತರಿಸಿದ ಬಿಳಿ ಅಂಚಿಗೆ ಮಾರ್ಕರ್ ಎಳೆಯುವುದು ಎಲ್ಲರಿಗೂ ಗೊತ್ತು. ನಾನು ಕಪ್ಪು ಮಾರ್ಕರ್ ಬಳಸುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಬುಡಕ್ಕೆ ಎರಡು ಮಿಲಿಮೀಟರಿನ ಬೈಂಡಿಂಗ್ ರಟ್ಟು. ಗುಂಡಗೆ ಗುರುತು ಹಾಕಲು 1990ರ ದಶಕದ ಸ್ಟೀಲಿನ ಒಂದು ರೂಪಾಯಿ ನಾಣ್ಯ ಹೇಳಿ ಮಾಡಿಸಿದಂತಿದೆ, ಅದರ ಅಡ್ಡಳತೆ ಸರಿಯಾಗಿ 25 ಮಿಲಿಮೀಟರ್. ಈಚಿನ ನಾಣ್ಯಗಳು ಚಿಕ್ಕವು. ಪಾದದ ಕೆಳಗೆ ಎರಡೂ ಪದರಗಳಲ್ಲಿ ಹತ್ತು ಮಿಲಿಮೀಟರಿನ ನಾಲಿಗೆಯನ್ನು ಅಂಟು ತಾಗದಂತೆ ಬಿಟ್ಟು, ಒಂದನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ಮಡಚಿ ರಟ್ಟಿಗೆ ಅಂಟಿಸುತ್ತೇನೆ. ಈ ಮಡಿಕೆ ಮಾತ್ರ ಗ್ರೇನಿಗೆ ಅಡ್ಡ ಬೀಳುವುದರಿಂದ ಅಲ್ಲಿ ಬಣ್ಣವನ್ನೇ ಮುದ್ರಿಸುವುದಿಲ್ಲ. ನೆಲದ ಚಿತ್ರವಿರುವ ಎರಡು ಅರ್ಧಚಂದ್ರದ ತುಂಡುಗಳು ಮೇಲೆ ಬಂದು ಮುಚ್ಚುತ್ತವೆ. ಅಡಿಯಲ್ಲಿ ಭಾರಕ್ಕೆಂದು ಎಂ12 ಅಳತೆಯ ಲೋಹದ ವಾಷರ್. ಅದು 24 ಮಿಲಿಮೀಟರ್ ಅಗಲ, ಆರು ಗ್ರಾಂ ತೂಕ. ಫ್ಯಾನ್ ಮೂರರಲ್ಲಿ ತಿರುಗುತ್ತಿದ್ದರೂ ವೀರ ಬೀಳುವುದಿಲ್ಲ.

ನಡುವೆ ಮಾಡಿದ ಒಂದೆರಡು ಪ್ರಯೋಗಗಳಿವೆ. ಪ್ರೇತಗಳನ್ನು ಪಾರದರ್ಶಕ ಓಹೆಚ್‌ಪಿ ಹಾಳೆಯ ಮೇಲೆ ಮುದ್ರಿಸಿದೆ. ತಿಳಿಬಣ್ಣಗಳು ಪೂರ್ತಿ ಮಾಯವಾದವು, ಕಡುನೀಲಿ ಗೆರೆಗಳು ಮಾತ್ರ ಉಳಿದವು, ಪ್ರೇತಕ್ಕೆ ಅದೇ ಚೆನ್ನಾಗಿ ಒಪ್ಪಿತು. ರೇಂಜರ್ ಎಂಬ ಕಾಡು ಬಲ್ಲ ಯೋಧನ ಜೊತೆಗೆ ಒಂದು ನಾಯಿ ಬೇಕಾದಾಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆ. ಕ್ರಿ.ಶ. 949-50ರ ಆ ಶಾಸನ, ಗಂಗ ದೊರೆ ಬೂತುಗನಿಂದ ಅವನ ಯೋಧ ಮಣಲರ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತುದನ್ನು ಹೇಳುತ್ತದೆ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಪಕ್ಕನೋಟದಲ್ಲಿ ಎದುರಾಬದುರಾಗಿವೆ, ಯಾವುದು ಯಾರ ಮೈ ಎಂಬ ಗೊಂದಲಕ್ಕೆ ಎಡೆಯಿಲ್ಲ. ಚಪ್ಪಟೆ ಜಾಗದಲ್ಲಿ ಹೋರಾಟವನ್ನು ತೋರಿಸುವ ನನ್ನ ಸಮಸ್ಯೆಯನ್ನು ಆ ಶಿಲ್ಪಿ ಸಾವಿರ ವರ್ಷದ ಹಿಂದೆಯೇ ಬಿಡಿಸಿದ್ದ. ನಾಲ್ಕು ಕಾಲಿನ ಪ್ರಾಣಿಗೆ ಮುಂಬದಿ ಹಿಂಬದಿ ಎಂಬುದಿಲ್ಲ, ಎಡಮೈ ಬಲಮೈ ಅಷ್ಟೇ ಎಂಬುದೂ ಅಲ್ಲಿಯೇ ಹೊಳೆಯಿತು. ನನ್ನ ನಾಯಿಯ ಕಾಲುಗಳ ನಡುವೆ ಹುಲ್ಲು ತುಂಬಿಸಿ ಗಟ್ಟಿ ಮಾಡಿದ್ದೇನೆ, ಎಡಗಿವಿಯಲ್ಲಿ ಒಂದು ಸೀಳು ಇಟ್ಟಿದ್ದೇನೆ. ನಮ್ಮ ಬಳಗದಲ್ಲಿ ವೀರರಿಗಿಂತ ಹೆಚ್ಚು ಕೇಳಿ ಪಡೆದದ್ದು ಆ ನಾಯಿಯನ್ನೇ.

ಎಲ್ಲ ಸೇರಿ ಈಗ ಒಬ್ಬ ವೀರನಿಗೆ ಐದಾರು ರೂಪಾಯಿ ಬೀಳುತ್ತದೆ, ಅದರಲ್ಲಿ ಅರ್ಧದಷ್ಟು ವಾಷರ್‌ನದೇ. ಕತ್ತರಿಸಿ, ಬುಡ ಕೂರಿಸಿ ಎಂಟು ವೀರರ ಕಟ್ಟನ್ನು ಇನ್ನೂರೈವತ್ತಕ್ಕೆ ಕೊಡುತ್ತೇನೆ. ಡ್ರಾಯಿಂಗ್ ಟ್ಯಾಬ್ಲೆಟ್ಟಿಗೆ ಹಾಕಿದ ಹದಿನೆಂಟು ಸಾವಿರ ಕಳೆದ ದೀಪಾವಳಿಯ ಹೊತ್ತಿಗೆ ಹಿಂದೆ ಬಂತು. ಮಡಿಕೆಯಿಲ್ಲದ ತಲೆ ನಿಲ್ಲದು ಎಂದು ಬಲವಾಗಿ ವಾದಿಸಿದ್ದ ಗೆಳೆಯರೊಬ್ಬರು ತಮ್ಮ ಹೊಸ ಕ್ಯಾಂಪೇನಿಗೆ (ಹಲವು ಆಟಗಳಲ್ಲಿ ಸಾಗುವ ಕಥೆಗೆ) ಮೂರು ಕಟ್ಟು ಕೊಂಡಿದ್ದಾರೆ. ಸದ್ಯ ಎರಡು ಇಂಚಿನ ಬುಡದ ಓಗರ್ ಎಂಬ ದೈತ್ಯರ ಮೇಲೆ ಕೆಲಸ ನಡೆದಿದೆ. ಅವುಗಳ ಪಟ್ಟಿ 60 ಮಿಲಿಮೀಟರಿಗೆ ಅಗಲವಾಗುವುದರಿಂದ ಮಡಿಕೆಯಿಂದ ದೂರದ ತೋಳಿನಲ್ಲಿ ಜಾರುವಿಕೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಅಂಚನ್ನು ಎರಡು ಮಿಲಿಮೀಟರಿಗೆ ಏರಿಸಿ, ಗದೆಯನ್ನು ಮಡಿಕೆಯ ಕಡೆಯ ಕೈಗೆ ಕೊಟ್ಟು ನೋಡುತ್ತಿದ್ದೇನೆ.