ಊರು ಎಣಿಸುವುದನ್ನು ಬಿಟ್ಟು ರಾತ್ರಿ ಎಣಿಸಿದೆ

ಯುರೋಪ್ ಪ್ರವಾಸಕ್ಕೆಂದು ನಾನು ಮೊದಲು ಬರೆದ ಪಟ್ಟಿಯಲ್ಲಿ ಒಂಬತ್ತು ಊರುಗಳಿದ್ದವು. ವಿಯೆನ್ನಾ, ಪ್ರಾಗ್, ಸಾಲ್ಸ್‌ಬರ್ಗ್, ಮ್ಯೂನಿಕ್, ಇನ್ಸ್‌ಬ್ರುಕ್, ವೆನಿಸ್, ಫ್ಲಾರೆನ್ಸ್, ರೋಮ್, ಜೊತೆಗೆ ಆಲ್ಪ್ಸ್ ಬೆಟ್ಟಗಳ ನಡುವೆ ಒಂದು ತಂಗುದಾಣ. ಕೈಯಲ್ಲಿದ್ದದ್ದು ಎರಡು ವಾರ. ಮೈಸೂರಿನ ಮನೆಯಲ್ಲಿ ಊಟದ ಮೇಜಿನ ಮೇಲೆ ನಕ್ಷೆ ಹರಡಿ ತೋರಿಸಿದಾಗ ಅಮ್ಮ ಕೇಳಿದ್ದು ಇಷ್ಟೇ: "ಇದರಲ್ಲಿ ಪೆಟ್ಟಿಗೆ ಕಟ್ಟುವುದು ಎಷ್ಟು ದಿನ, ಊರು ನೋಡುವುದು ಎಷ್ಟು ದಿನ?"

ಲೆಕ್ಕ ಹಾಕಿದೆ. ಊರು ಬದಲಿಸುವ ದಿನ ಬೆಳಿಗ್ಗೆ ಹತ್ತು ಹನ್ನೊಂದರೊಳಗೆ ಕೋಣೆ ಖಾಲಿ ಮಾಡಬೇಕು. ಮುಂದಿನ ಊರಿನ ಕೋಣೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಯ ಮೇಲೆ. ನಡುವಿನ ರೈಲು ಪ್ರಯಾಣ ಎರಡೇ ಗಂಟೆಯದ್ದಾದರೂ ಅರ್ಧ ದಿನ ಹೋದಂತೆಯೇ. ಒಂಬತ್ತು ಊರೆಂದರೆ ಎಂಟು ಬದಲಾವಣೆ, ನಾಲ್ಕು ಪೂರ್ತಿ ದಿನ. ಅಪ್ಪನಿಗೆ ಎಪ್ಪತ್ತು, ಅಮ್ಮನಿಗೆ ಮಂಡಿನೋವು. ಪಟ್ಟಿಯನ್ನು ಅಲ್ಲಿಗೇ ಹರಿದು, ಹಾಳೆಯ ಮೇಲೆ ಹದಿನಾಲ್ಕು ಗೆರೆ ಎಳೆದೆ. ಒಂದೊಂದು ಗೆರೆ ಒಂದೊಂದು ರಾತ್ರಿ. ವಿಯೆನ್ನಾ ಮೂರು, ಸಾಲ್ಸ್‌ಬರ್ಗ್ ಮೂರು, ಇಟಲಿಯ ಉತ್ತರದ ಬೋಲ್ಜಾನೊ ಮೂರು, ವೆನಿಸ್ ಎರಡು, ರೋಮ್ ಮೂರು. ಬದಲಾವಣೆ ನಾಲ್ಕೇ.

ಬಿಟ್ಟ ಊರುಗಳಿಗೆಲ್ಲ ಕಾರಣವಿತ್ತು. ಪ್ರಾಗ್ ಉತ್ತರಕ್ಕಿದೆ, ನಾವು ದಕ್ಷಿಣಕ್ಕೆ ಇಳಿಯುವವರು. ನಾವು ಹೊರಟ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬ ಶುರುವಾಗುತ್ತದೆ, ಕೋಣೆಗಳ ಬೆಲೆ ಕೈಗೆಟುಕುವುದಿಲ್ಲ. ಫ್ಲಾರೆನ್ಸ್ ಬಿಡುವಾಗ ಮಾತ್ರ ನಿಜವಾಗಿ ನೋವಾಯಿತು. ವಿಮಾನದ ಟಿಕೆಟನ್ನು ವಿಯೆನ್ನಾದಲ್ಲಿ ಇಳಿದು ರೋಮ್‌ನಿಂದ ಮರಳುವಂತೆ ಒಟ್ಟಿಗೇ ಕಾಯ್ದಿರಿಸಿದೆ. ಇಳಿದ ಊರಿಗೇ ವಾಪಸು ಬಂದು ವಿಮಾನ ಹತ್ತುವ ಒಂದು ದಿನ ಹೀಗೆ ಉಳಿಯಿತು.

ವೀಸಾಕ್ಕೂ ಇದೇ ರಾತ್ರಿಗಳ ಲೆಕ್ಕ ಬೇಕಾಯಿತು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಶೆಂಗೆನ್ ವೀಸಾಕ್ಕೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೇವೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮದು ಆಸ್ಟ್ರಿಯಾದಲ್ಲಿ ಆರು, ಇಟಲಿಯಲ್ಲಿ ಎಂಟು, ಹಾಗಾಗಿ ಇಳಿಯುವುದು ವಿಯೆನ್ನಾದಲ್ಲಾದರೂ ಅರ್ಜಿ ಇಟಲಿಗೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕೋಣೆಗಳನ್ನೆಲ್ಲ ರದ್ದು ಮಾಡಬಹುದಾದ ಷರತ್ತಿನಲ್ಲೇ ಹಿಡಿದೆ. ಹಣ ಮರಳದ ರೈಲು ಟಿಕೆಟುಗಳನ್ನು ಪಾಸ್‌ಪೋರ್ಟಿಗೆ ವೀಸಾ ಅಂಟಿದ ಮೇಲೆಯೇ ಕೊಂಡೆ. ಅಷ್ಟರಲ್ಲಿ ಒಂದು ಟಿಕೆಟಿನ ದರ ಏರಿತ್ತು. ಆದರೂ ನಾನು ಮತ್ತೆ ಹಾಗೆಯೇ ಮಾಡುತ್ತೇನೆ.

ಹಲವು ದೇಶಗಳ ರೈಲುಗಳಿಗೆ ಒಂದೇ ಆಗಿ ನಡೆಯುವ ಯೂರೇಲ್ ಪಾಸ್ ಕೊಳ್ಳಬೇಕೇ ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ಹಾಳೆಯನ್ನು ಎರಡು ಭಾಗ ಮಾಡಿ ಒಂದು ಕಡೆ ಪಾಸಿನ ಬೆಲೆ, ಇನ್ನೊಂದು ಕಡೆ ನಾಲ್ಕು ಪ್ರಯಾಣಗಳ ಬಿಡಿ ಟಿಕೆಟುಗಳ ಬೆಲೆ ಬರೆದೆ. ಇಟಲಿಯ ಫ್ರೆಚ್ಚಾರೊಸ್ಸಾದಂಥ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಬೇರೆ ದುಡ್ಡು ಕೊಡಬೇಕು. ನಾಲ್ಕೇ ಪ್ರಯಾಣದ ನಮಗೆ ಮುಂಗಡ ಟಿಕೆಟುಗಳೇ ಅಗ್ಗವಾದವು. ದಿನಕ್ಕೊಂದು ಊರು ಸುತ್ತುವವರಿಗೆ, ಹೊರಡುವ ಹೊತ್ತು ಮೊದಲೇ ಗೊತ್ತಿಲ್ಲದವರಿಗೆ ಲೆಕ್ಕ ಬೇರೆಯೇ ಆದೀತು. ಆಸ್ಟ್ರಿಯಾದೊಳಗಿನ ಪ್ರಯಾಣಕ್ಕೆ ಅಲ್ಲಿನ ವೇಗದ ರೈಲು ರೈಲ್‌ಜೆಟ್‌ನಲ್ಲಿ ಸೀಟು ಕಾಯ್ದಿರಿಸುವುದು ಕಡ್ಡಾಯವಲ್ಲ. ಆದರೆ ಹಿರಿಯರು ಜೊತೆಗಿದ್ದರೆ ಆ ಕೆಲವು ಯೂರೋ ಉಳಿಸಬೇಡಿ. ಟಿಕೆಟ್ ಹುಡುಕುವಾಗ ಹೆಸರುಗಳ ಮೇಲೆ ಕಣ್ಣಿರಲಿ. ವಿಯೆನ್ನಾ ಅಲ್ಲಿ 'ವೀನ್', ಬೋಲ್ಜಾನೊ ಜರ್ಮನ್ ಭಾಷೆಯಲ್ಲಿ 'ಬೋಜನ್'. ವೆನಿಸ್‌ಗೆ ಮುಖ್ಯವಾಗಿ ಎರಡು ನಿಲ್ದಾಣ: 'ಮೆಸ್ತ್ರೆ' ನೀರಿನ ಈಚೆಯ ಮುಖ್ಯ ಭೂಭಾಗದ್ದು, ಕಾಲುವೆಗಳ ಊರಿಗೆ ಇಳಿಸುವುದು 'ಸಾಂತಾ ಲೂಚಿಯಾ'.

ಸಾಲ್ಸ್‌ಬರ್ಗ್‌ನಿಂದ ಬೋಲ್ಜಾನೊಗೆ ಹೋಗಲು ಇನ್ಸ್‌ಬ್ರುಕ್‌ನಲ್ಲಿ ರೈಲು ಬದಲಿಸಬೇಕು. ಅಂತರ್ಜಾಲ ತೋರಿಸಿದ ಮೊದಲ ಆಯ್ಕೆಯಲ್ಲಿ ನಡುವೆ ಹತ್ತು ಚಿಲ್ಲರೆ ನಿಮಿಷ. ನಾನು ಅದನ್ನು ಬಿಟ್ಟು ನಂತರದ ರೈಲನ್ನೇ ಹಿಡಿದೆ. ಇನ್ಸ್‌ಬ್ರುಕ್‌ನಲ್ಲಿ ಇಳಿದಾಗ ಲಿಫ್ಟಿನ ಮುಂದೆ ಸೈಕಲ್ಲುಗಳ, ಮಗುವಿನ ತಳ್ಳುಗಾಡಿಗಳ ಸಾಲು. ಮೂರನೆಯ ಸರದಿಯಲ್ಲಿ ನಮಗೆ ಜಾಗ ಸಿಕ್ಕಿತು. ಮುಂದಿನ ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ವಾಡಿಕೆಯಂತೆ ಹೆಸರಿನ ಚಾರ್ಟ್ ಹುಡುಕತೊಡಗಿದರು. ಅಲ್ಲಿ ಅಂಥದ್ದಿಲ್ಲ. ಯಾವ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ ಎಂಬ ಚಿತ್ರವಿರುತ್ತದೆ. ಅದನ್ನು ತೋರಿಸಿದ ಮೇಲೆ ಮುಂದಿನ ಎಲ್ಲ ನಿಲ್ದಾಣಗಳಲ್ಲಿ ನಮ್ಮನ್ನು ಸರಿಯಾದ ಅಕ್ಷರದ ಕೆಳಗೆ ನಿಲ್ಲಿಸುವ ಹೊಣೆ ಅಪ್ಪನದೇ ಆಯಿತು. ನಡುದಾರಿಯ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಆದ್ದರಿಂದ ಹೊರಡುವುದಕ್ಕೆ ಒಂದು ವಾರ ಮೊದಲೇ ಒಂದು ಪರೀಕ್ಷೆ ಮಾಡಿದ್ದೆ: ತುಂಬಿದ ಪೆಟ್ಟಿಗೆಯನ್ನು ಅವರವರೇ ಮನೆಯ ಮಹಡಿಗೆ ಹೊತ್ತು ಒಯ್ಯಬೇಕು. ಅಮ್ಮ ಅರ್ಧದಲ್ಲಿ ನಿಂತರು. ಎರಡು ಸೀರೆ, ಒಂದು ಕುಕ್ಕರ್ ಮನೆಯಲ್ಲೇ ಉಳಿದವು. ತುಪ್ಪದ ಡಬ್ಬಿಯೂ ಉಳಿಯಿತು, ಏಕೆಂದರೆ ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಬಂದವು. ಅಡುಗೆಮನೆ ಇರುವ ಕೋಣೆಗಳನ್ನೇ ಹಿಡಿದಿದ್ದರಿಂದ ಊಟದ ಚಿಂತೆ ಇರಲಿಲ್ಲ.

ಕಾರು ಬಾಡಿಗೆಗೆ ಪಡೆದದ್ದು ಬೋಲ್ಜಾನೊದಲ್ಲಿ ಮಾತ್ರ, ಎರಡು ದಿನಕ್ಕೆ. ದೊಡ್ಡ ಊರುಗಳ ನಡುವೆ ರೈಲಿಗಿಂತ ಸುಖವಿಲ್ಲ, ಬೋಲ್ಜಾನೊ ಬಳಿಯ ಡೋಲೊಮೈಟ್ಸ್ ಬೆಟ್ಟಗಳ ಕಣಿವೆಗಳಲ್ಲಿ ಬೇಕೆಂದಲ್ಲಿ ನಿಲ್ಲಿಸಲು ಕಾರೇ ಬೇಕು. ಪಡೆದ ಊರಿನಲ್ಲೇ ಮರಳಿಸಿದ್ದರಿಂದ ಬೇರೆ ಊರಿನಲ್ಲಿ ಬಿಡುವುದಕ್ಕೆ ಕೇಳುವ ಶುಲ್ಕ ತಪ್ಪಿತು. ಯಜಮಾನರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದರು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕಾದ್ದರಿಂದ ಗೇರಿನ ಚಿಂತೆಯಾದರೂ ಬೇಡವೆಂದು ಆಟೊಮ್ಯಾಟಿಕ್ ಕಾರನ್ನೇ ಹೇಳಿದ್ದೆವು. ಆದರೆ ಬುಕ್ ಮಾಡಿದ್ದು ನನ್ನ ಕಾರ್ಡಿನಲ್ಲಿ. ಠೇವಣಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕೆಂದು ಕೌಂಟರಿನಲ್ಲಿ ಹೇಳಿದರು. ಯಜಮಾನರ ಕಾರ್ಡಿನಲ್ಲಿ ವಿದೇಶದ ಬಳಕೆ ತೆರೆದಿರಲಿಲ್ಲ. ಅದನ್ನು ತೆರೆದು ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಇಟಲಿಯ ಹಳೆಯ ಪೇಟೆಗಳಲ್ಲಿ 'ಜೆಡ್‌ಟಿಎಲ್' (ZTL, ವಾಹನ ಸಂಚಾರಕ್ಕೆ ಮಿತಿಯಿರುವ ವಲಯ) ಎಂಬ ಫಲಕ ಕಂಡರೆ ಕಾರು ಒಳಗೆ ಬಿಡಬೇಡಿ. ಕ್ಯಾಮರಾ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ. ನಿಲುಗಡೆಯಲ್ಲಿ ಬಿಳಿ ಗೆರೆ ಉಚಿತ, ನೀಲಿ ಗೆರೆಗೆ ದುಡ್ಡು, ಹಳದಿ ನಮಗಲ್ಲ. ಆಲ್ಪೆ ದಿ ಸ್ಯೂಸಿ ಹುಲ್ಲುಗಾವಲಿಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. ನಾವು ಕೆಳಗೆ ಕಾರು ನಿಲ್ಲಿಸಿ ಕೇಬಲ್ ಕಾರಿನಲ್ಲಿ ಹೋದೆವು. ಅಮ್ಮನಿಗೆ ಅದೇ ಹಿತವಾಯಿತು.

ಯೋಜನೆಯಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸವೆಂದರೆ ಸಾಲ್ಸ್‌ಬರ್ಗ್‌ನ ಒಂದು ದಿನವನ್ನು ಖಾಲಿ ಬಿಟ್ಟದ್ದು. ಸರೋವರದ ದಡದ ಹಾಲ್‌ಸ್ಟಾಟ್ ಎಂಬ ಊರಿಗೆ ಹೋಗಬೇಕೆಂದಿದ್ದ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಆ ದಾರಿಗೆ ಇಂಥದ್ದೇ ರೈಲೆಂದು ಕಟ್ಟಿಹಾಕುವ ಟಿಕೆಟ್ ಕೊಂಡಿರಲಿಲ್ಲ. ಆ ದಿನ ಕಿಟಕಿಯ ಪಕ್ಕ ಕುಳಿತು ಅವಲಕ್ಕಿ ತಿಂದೆವು, ಸಂಜೆ ಕೊಡೆ ಹಿಡಿದು ಹಳೆಯ ಪೇಟೆ ಸುತ್ತಿದೆವು. ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಹಾಲ್‌ಸ್ಟಾಟ್‌ನ ರೈಲು ನಿಲ್ದಾಣ ಇರುವುದು ಸರೋವರದ ಒಂದು ದಡದಲ್ಲಿ, ಊರು ಇನ್ನೊಂದು ದಡದಲ್ಲಿ. ರೈಲು ಇಳಿದವರು ಕಾಲುದಾರಿಯಲ್ಲಿ ಕೆಳಗಿಳಿದು ದೋಣಿ ಹತ್ತಬೇಕು. ಅಮ್ಮ ಮುಂಭಾಗದ ಬೆಂಚಿನಲ್ಲಿ ಕುಳಿತು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ಎದುರಿಗೆ ಬೆಟ್ಟಕ್ಕೆ ಆತುಕೊಂಡ ಮನೆಗಳು, ಚೂಪು ಗೋಪುರದ ಇಗರ್ಜಿ ನಿಧಾನವಾಗಿ ದೊಡ್ಡದಾಗತೊಡಗಿದವು. ನಡುನೀರಿನಲ್ಲಿ ಅವರು ನನ್ನ ಕಡೆ ತಿರುಗಿ, "ಇನ್ನು ಎಷ್ಟು ರಾತ್ರಿ ಇದೆಯೇ?" ಎಂದು ಕೇಳಿದರು.

"ಒಂಬತ್ತು" ಎಂದೆ.