ಸಾಕ್ಷಿ ಸಿಗದ ಮಲ್ಲಪ್ಪಜ್ಜನನ್ನು ವಂಶಾವಳಿಯಲ್ಲಿ ಉಳಿಸಿಕೊಂಡದ್ದು: ನನ್ನ ಅನುಭವ

ನಮ್ಮ ವಂಶಾವಳಿಯಲ್ಲಿ ಮಲ್ಲಪ್ಪ ಒಬ್ಬನೋ ಇಬ್ಬರೋ ಎಂಬ ಜಗಳ ಹೋದ ಮಳೆಗಾಲದಲ್ಲಿ ಮುಗಿಯಿತು. ಇಬ್ಬರು. ನಾಲ್ಕೈದು ವರ್ಷದಿಂದ ನಾನು ಹೇಳುತ್ತ ಬಂದದ್ದೂ ಅದನ್ನೇ. "ಸಾಕ್ಷಿ ಇಲ್ಲದವ್ರನ್ನ ಯಾಕ ಬರ್ಕೋತೀಯೋ ತಮ್ಮಾ?" ಎಂದು ಕಾಕಾ ಬೈದಿದ್ದರು. ವಂಶಾವಳಿ ಮಾಡುವ ಗೆಳೆಯರೂ ದಾಖಲೆ ಸಿಗುವ ತನಕ ತೆಗೆದುಹಾಕು ಎಂದೇ ಹೇಳಿದರು. ತೆಗೆದುಹಾಕಿದ್ದರೆ ಮುಂದೆ ಅವನ ಹೆಸರಿನ ಹಳೆಯ ಕಾಗದ ಕೈಗೆ ಬಂದಾಗ ಅದು ಯಾರದೆಂದು ಗುರುತೇ ಹತ್ತುತ್ತಿರಲಿಲ್ಲ.

ನಮ್ಮದು ನವಲಗುಂದ ಕಡೆಯ ಒಕ್ಕಲು ಮನೆತನ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ, ಹಾಗಾಗಿ ಮೇಲಿಂದ ಕೆಳತನಕ ಮಲ್ಲಪ್ಪ, ಬಸಪ್ಪ, ಮಲ್ಲಪ್ಪ, ಬಸಪ್ಪ. ಮನೆ ಮನೆಗೆ ಬಂದು ವಂಶಾವಳಿ ಹೇಳುವ ನಮ್ಮ ಮನೆಯ ಹೆಳವರ ಹೊತ್ತಿಗೆಯಲ್ಲಿ "ಸರ್ವಜಿತು ಸಂವತ್ಸರ, ಬಸಪ್ಪಗ ಗಂಡು ಕೂಸು, ಮಲ್ಲಪ್ಪ" ಎಂಬ ಸಾಲು ಎರಡು ಕಡೆ ಇದೆ. ಹಳೆಯ ಹೊತ್ತಿಗೆಗೆ ಗೆದ್ದಲು ಹಿಡಿದಾಗ ಹೆಳವರ ತಂದೆ ಎಲ್ಲವನ್ನೂ ಹೊಸ ಪುಸ್ತಕಕ್ಕೆ ಇಳಿಸಿದ್ದರಿಂದ ಬರವಣಿಗೆಯೂ ಒಂದೇ ಕೈಯದು. ಒಂದೇ ಸಾಲು ಎರಡು ಸಲ ನಕಲಾಗಿದೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಆದರೆ ಸರ್ವಜಿತು 1887ರಲ್ಲೂ ಬಂದಿತ್ತು, 1827ರಲ್ಲೂ ಬಂದಿತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತದೆ, ಹೆಸರು ಎರಡು ತಲೆಮಾರಿಗೊಮ್ಮೆ. ಎರಡೂ ಒಂದೇ ಕಡೆ ಕೂಡಿದರೆ ಅಜ್ಜ ಮೊಮ್ಮಗನೊಳಗೆ ಕರಗಿಹೋಗುತ್ತಾನೆ. ನನ್ನ ಮುತ್ತಜ್ಜ ಮಲ್ಲಪ್ಪ ತೀರಿಕೊಂಡದ್ದು 1950ರ ಸುಮಾರಿಗೆ, ಅವನು 1887ರವನು. 1827ರವನಿಗೆ ಮಾತ್ರ ಯಾವ ಆಧಾರವೂ ಇರಲಿಲ್ಲ.

ಶುರುವಿನಲ್ಲಿ ಎಕ್ಸೆಲ್‌ನಲ್ಲಿ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. ಪುಣೆಯ ಸಂಬಂಧಿಕರೊಬ್ಬರು ಆ ಫೈಲ್ ತಗೊಂಡು ಆನ್‌ಲೈನ್ ವಂಶವೃಕ್ಷಕ್ಕೆ ಏರಿಸುವಾಗ ಚಿಹ್ನೆ ಬಿದ್ದುಹೋಯಿತು. ಮೂರು ತಿಂಗಳಲ್ಲಿ ನನ್ನ ಊಹೆಯನ್ನೇ ಬೇರೆಯವರು ನನಗೆ ದಾಖಲೆ ಎಂದು ತೋರಿಸತೊಡಗಿದರು.

ಆಮೇಲೆ ವಂಶವೃಕ್ಷದ ಸಾಫ್ಟ್‌ವೇರ್ ಆದ ಗ್ರ್ಯಾಂಪ್ಸ್‌ಗೆ ಬಂದು ರೀತಿಯನ್ನೇ ಬದಲಿಸಿದೆ. ಪಡಸಾಲೆಗೆ ಬಂದವರನ್ನು ಕೂರಿಸಿ ನೀರು ಕೊಡುತ್ತೇವೆ, ಯಾರೆಂದು ಗೊತ್ತಾಗದೆ ಒಳಗೆ ಕರೆಯುವುದಿಲ್ಲ. ಸಾಕ್ಷಿ ಸಿಗದ ಇವರನ್ನೂ ಹಾಗೇ ಇಟ್ಟೆ. ಐಡಿ 'ಪ' ಅಕ್ಷರದಿಂದ ಶುರು, ಹಳದಿ ಟ್ಯಾಗ್, ಖಾಸಗಿ ಬೀಗ. ಮುಖ್ಯವಾದದ್ದು ಇದು: ತಂದೆ-ಮಗ ಎಂದು ಕುಟುಂಬದಲ್ಲಿ ಜೋಡಿಸಲೇ ಇಲ್ಲ. ಬೇರೆ ನಂಟು ಬರೆಯುವ ಅಸೋಸಿಯೇಶನ್‌ನಲ್ಲಿ "ತಂದೆ ಇರಬಹುದು" ಎಂದು ಬರೆದೆ. ಖಾಸಗಿಯದನ್ನು ಬಿಟ್ಟು, ಬೇರೆಯವರಿಗೆ ಕೊಡುವ ವಂಶವೃಕ್ಷದ ಫೈಲ್ ಆದ ಜೆಡ್‌ಕಾಮ್ ತೆಗೆದರೆ ಇವರು ಯಾರ ಕೈಗೂ ಹೋಗುವುದಿಲ್ಲ. ಟಿಪ್ಪಣಿಯಲ್ಲಿ ಎರಡೇ ಸಾಲು, ಏನು ಸಿಕ್ಕರೆ ಒಳಗೆ, ಏನು ಸಿಕ್ಕರೆ ಹೊರಗೆ. ಮಲ್ಲಪ್ಪನಿಗೆ ಹೀಗೆ ಬರೆದಿದ್ದೆ: "1860ಕ್ಕೂ ಮುಂಚಿನ ಕಾಗದದಲ್ಲಿ ಬಸಪ್ಪನ ಮಗ ಮಲ್ಲಪ್ಪ, ನಮ್ಮದೇ ಹೊಲದ ಜೊತೆ ಸಿಕ್ಕರೆ ಒಳಗೆ. ಆ ಹೊಲ ಆಗ ಬೇರೆ ಮನೆತನದ್ದಾಗಿದ್ದರೆ ಹೊರಗೆ." ಹುಡುಕುವ ಮೊದಲೇ ಇದನ್ನು ಬರೆದಿಡಬೇಕು. ಸಿಕ್ಕಮೇಲೆ ಬರೆದರೆ ಸಿಕ್ಕದ್ದೆಲ್ಲ ನಮ್ಮದೇ ಅನಿಸುತ್ತದೆ.

ದುಡ್ಡಿನ ಮಾತು. ಎಲ್ಲ ಸೇರಿ ಲಕ್ಷದ ಹತ್ತಿರ ಹೋಗಿದೆ. ಒಂದು ಕಚೇರಿಯಲ್ಲಿ ನಕಲಿಗೆಂದು ಕಟ್ಟಿದ ಶುಲ್ಕಕ್ಕೆ ಬಂದದ್ದು "ಕಡತ ಲಭ್ಯವಿಲ್ಲ" ಎಂಬ ಒಂದು ಸಾಲು. ಡಿಎನ್‌ಎ ಪರೀಕ್ಷೆಗೆ ಹತ್ತು ಸಾವಿರದಷ್ಟು ಸುರಿದೆ. ಸಾವಿರಾರು ವರ್ಷ ಹಿಂದಿನ ಗುಂಪು ಯಾವುದೆಂದು ಹೇಳಿತು, 1827ರ ಬಗ್ಗೆ ಅದರಲ್ಲಿ ಏನೂ ಇಲ್ಲ. ಹೆಳವರಿಗೆ ಒಂದು ಚೀಲ ಜೋಳ, ಧೋತರ, ಎರಡು ಮೂರು ಸಾವಿರ. ಅದು ಖರ್ಚಲ್ಲ, ಅವರ ಹಕ್ಕು. 

ಕಾಗದ ಸಿಕ್ಕದ್ದು ದಾಯಾದಿಗಳ ಮನೆಯ ಟ್ರಂಕಿನಲ್ಲಿ, ಹಳೆಯ ವಾಟ್ನಿ (ಆಸ್ತಿ ಪಾಲು) ಜಗಳದ ಕಟ್ಟಿನೊಳಗೆ. ಇನಾಮು ಭೂಮಿಯ ಚೌಕಾಶಿಯಲ್ಲಿ, ಅಂದರೆ ವಿಚಾರಣೆಯಲ್ಲಿ, ಕೊಟ್ಟ ಹೇಳಿಕೆಯ ನಕಲು, ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ. 1852ರ ಕಾಯಿದೆಯ ಮೇಲೆ ಇನಾಮು ಕಮಿಷನ್ ನಮ್ಮ ಕಡೆ ಒಬ್ಬೊಬ್ಬ ಇನಾಮುದಾರನನ್ನೂ ಹಕ್ಕಿನ ಆಧಾರ ಕೇಳಿದ ಕಾಲ ಅದು. ಮೋಡಿ ಓದುವವರು ಪುಟಕ್ಕೆ ಮುನ್ನೂರರಂತೆ ತಗೊಂಡರು, ಇಡೀ ಕಟ್ಟಿಗೆ ಹನ್ನೆರಡು ಸಾವಿರದ ಮೇಲಾಯಿತು. ಮೊದಲು ಓದಿದವರು ವರ್ಷವನ್ನು ಮರಾಠರ ಕಾಗದಗಳಲ್ಲಿ ಬರುವ ಸುಹೂರ್ ಸನ್ ಎಂಬ ಎಣಿಕೆಯದೆಂದು ಹಿಡಿದು ಕಾಗದವನ್ನು 1866ರ ಆಚೀಚೆ ತಂದಿಟ್ಟಿದ್ದರು. ನಾನು ಒಪ್ಪಲಿಲ್ಲ. ಅಷ್ಟೊತ್ತಿಗೆ ಕಮಿಷನ್ನಿನ ಕೆಲಸವೇ ಮುಗಿದಿತ್ತು. ಎರಡನೆಯವರು ತಲೆಸಾಲು ನೋಡಿ ಅದು ಕಂದಾಯದ ವರ್ಷ, ಫಸಲಿ 1266 ಎಂದರು. 590 ಕೂಡಿಸಿದರೆ 1856-57. ಕೆಳಗೆ "ಮಲ್ಲಪ್ಪ ಬಿನ್ ಬಸಪ್ಪ, ಉಮರ್ ವರ್ಷೇ 30", ಅಂದರೆ ಬಸಪ್ಪನ ಮಗ ಮಲ್ಲಪ್ಪ, ವಯಸ್ಸು ಮೂವತ್ತು. ಹುಟ್ಟಿದ್ದು 1827ರ ಹತ್ತಿರ, ಅದೇ ಸರ್ವಜಿತು! ಹೊಲದ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯಲ್ಲಿ) ಮೂಡಲಿಗೆ ಹಳ್ಳ, ಪಡುವಲಿಗೆ ಹನುಮಪ್ಪನ ಮಾನ್ಯ. ಇವತ್ತಿಗೂ ನಮ್ಮ ಹೊಲದ ಮೇರೆ ಅವೇ. 1857ರಲ್ಲಿ ಮೂವತ್ತರವನು 1950ರಲ್ಲಿ ಸತ್ತ ನನ್ನ ಮುತ್ತಜ್ಜನಾಗಲು ಸಾಧ್ಯವಿಲ್ಲ. ಆ ರಾತ್ರಿಯೇ ಹಳದಿ ಟ್ಯಾಗ್ ತೆಗೆದು ಬಸಪ್ಪನಿಗೆ ತಂದೆಯಾಗಿ ಜೋಡಿಸಿದೆ. ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿಸಿಕೊಂಡರು. "ಹಂಗಾರ ಇಂವ ನಮ್ಮಜ್ಜನ ಅಜ್ಜ" ಎಂದರು.

ಈಗ ಪಡಸಾಲೆಯಲ್ಲಿ ಇಪ್ಪತ್ತರಷ್ಟು ಜನ ಇದ್ದಾರೆ, ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ಹೊತ್ತಿಗೆಯಲ್ಲಿ ಸೊಸೆಯ ತವರೂರು ಇದೆ, ಅವಳ ಹೆಸರಿಲ್ಲ. "ಹೆಸರು ತಿಳಿಯದು, ತವರು ನರೇಗಲ್ಲ" ಎಂದೇ ಅವಳಿಗೊಂದು ಐಡಿ ಕೊಟ್ಟಿದ್ದೇನೆ. ಹೆತ್ತವಳ ಜಾಗ ಖಾಲಿ ಬಿಡಲು ನನಗೆ ಮನಸ್ಸಾಗುವುದಿಲ್ಲ. ಒಂದು ಪ್ರಯೋಗವನ್ನೂ ನಡೆಸಿದ್ದೇನೆ: ಸೊಸೆಯ ತವರಿನ ಹೆಳವರ ಹೊತ್ತಿಗೆಯಲ್ಲಿ "ಮಗಳನ್ನು ಇಂಥ ಊರಿಗೆ ಕೊಟ್ಟದ್ದು" ಎಂಬ ಸಾಲು ಹುಡುಕುವುದು. ಇಬ್ಬರ ಹೆಸರು ಹಾಗೆ ಸಿಕ್ಕಿದೆ. ಸಾಕ್ಷಿಗೆ ಆ ಒಂದೇ ಹೊತ್ತಿಗೆ ಇರುವುದರಿಂದ ಅವರಿನ್ನೂ ಹಳದಿಯಲ್ಲೇ ಇದ್ದಾರೆ. 1876-78ರ ಧಾತು-ಈಶ್ವರ ಬರದಲ್ಲಿ ಊರು ಬಿಟ್ಟ ಬಸಪ್ಪನ ತಮ್ಮ ಸೊಲ್ಲಾಪುರದ ಕಡೆ ಹೋದನೆಂಬ ಮಾತಿದೆ. ದೀಪಾವಳಿ ಆದಮೇಲೆ ಅಲ್ಲಿಯ ಹೆಳವರನ್ನು ಕಾಣಲು ಹೊರಟಿದ್ದೇನೆ, ಅವನ ಒಳಗೆ-ಹೊರಗೆಯ ಎರಡು ಸಾಲು ಈಗಾಗಲೇ ಬರೆದಿಟ್ಟಿದ್ದೇನೆ.